ಬೇಲಿ ದಾಟಿದ ಚೆಂಡು

ಜನವರಿ ೬, ೧೯೭೬. ಮಂಗಳವಾರ.

ಇವರಿಗೆ ಕುಡಿಸಿದ ಓಟ್ಸ್ ಗಂಜಿ ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ. ಒರೆಸಿದೆ. ಬಲಗೈ ಹಾಗೇ ಕೊರಡು. ಎಡಗೈ ಪರವಾಗಿಲ್ಲ. ಅಕ್ಟೋಬರಿನಲ್ಲಿ ಬಸ್ ಶೆಡ್ಡಿನಲ್ಲಿ ಲಕ್ವ ಹೊಡೆದು ಬಿದ್ದ ದಿನದಿಂದ ಬಾಯಲ್ಲಿ ಒಂದು ಮಾತಿಲ್ಲ. ಪೆನ್ಸಿಲ್ ಕೊಟ್ಟರೆ ಗೆರೆ ಎಳೆಯುತ್ತಾರೆ, ಅಷ್ಟೇ. ಅಕ್ಷರವೂ ಹೋಗಿದೆ ಎಂದರು ಡಾಕ್ಟರು. ಕಿವಿ ಸರಿ ಇದೆ. ಹೇಳಿದ್ದೆಲ್ಲ ತಿಳಿಯುತ್ತದೆ. ಕರ್ತನಿಗೆ ಸ್ತೋತ್ರ.

ಟಪಾಲಿನಲ್ಲಿ ಕಾರ್ಡಿನ ಡಬ್ಬ ಬಂತು. ಇವರು ಕಾಯಿಲೆಗೆ ಮುಂಚೆ ಹಣ ಕಳಿಸಿದ್ದರು. ಬೇಸ್‌ಬಾಲ್ ಆಟದ ಕಾರ್ಡು. ಈ ಸಲ ಕಂಪನಿಯವರು ಹಳಬರನ್ನು ಅಚ್ಚು ಹಾಕಿದ್ದಾರೆ... ೧೯೪೯ರಲ್ಲಿ ದೊಡ್ಡ ತಂಡಗಳಿಗೆ ಆಡಿದವರನ್ನೆಲ್ಲ. ಒಬ್ಬೊಬ್ಬನಿಗೆ ಒಂದು ಕಾರ್ಡು. ಆ ವರ್ಷ ಅವನು ಹೊಡೆದದ್ದು, ಔಟಾದದ್ದು, ಆ ಲೆಕ್ಕದ ಮೇಲೆ ಕಾರ್ಡಿನ ತುಂಬ ಸಂಖ್ಯೆ. ಕಂಪನಿ ಜೊತೆಗೆ ದಾಳ ಕೊಡುತ್ತದೆ. ನಮ್ಮ ಸಭೆಯಲ್ಲಿ ದಾಳ ಕೂಡದು. ಅದಕ್ಕೇ ಇವರು ಮರದ ಬಿಲ್ಲೆ ಕಡೆದು, ಸಂಖ್ಯೆ ಬರೆದು, ಕಾಫಿ ಡಬ್ಬಕ್ಕೆ ಹಾಕಿದ್ದಾರೆ. ನೋಡದೆ ಒಂದು ಬಿಲ್ಲೆ ಎತ್ತುವುದು. ಆ ಸಂಖ್ಯೆಗೆ ಕಾರ್ಡಿನಲ್ಲಿ ಏನಿದೆಯೋ ಅದೇ ಆಯಿತು—ಹೊಡೆತವೋ, ಔಟೋ. ಗಂಡಸರು ಚಳಿಗಾಲ ಪೂರ್ತಿ ಚರ್ಚಿನ ನೆಲಮಾಳಿಗೆಯಲ್ಲಿ ಇದನ್ನೇ ಆಡುತ್ತಾರೆ. ಕುಡಿಯುವುದಕ್ಕಿಂತ ವಾಸಿ.

ತಿರುವಿ ಹಾಕುತ್ತಿದ್ದೆ. ಇವರ ಕಾರ್ಡೂ ಇದೆ! ಅರ್ಲೋ ರೆಗಿಯರ್. ಆ ಒಂದು ವರ್ಷ ಮಾತ್ರ ಕೆಲವು ತಿಂಗಳು ದೊಡ್ಡ ತಂಡದಲ್ಲಿದ್ದರಲ್ಲ. ತಂದು ಮಡಿಲಲ್ಲಿಟ್ಟೆ. ಎಡಗೈ ಬೆರಳಿನಿಂದ ತಟ್ಟಿದರು. ತಟ್ಟಿ, ಡಬ್ಬದ ಕೆಳಗೆ ತಳ್ಳಿದರು. ಮತ್ತೆ ತೆಗೆದು ಇಟ್ಟೆ. ಮತ್ತೆ ತಳ್ಳಿದರು. ಕಣ್ಣಲ್ಲಿ ನೀರು.

ಸಂತೋಷಕ್ಕೆ. ಪಾಪ.

ಜನವರಿ ೭. ಬುಧವಾರ.

ನಾಳೆ ಒಬ್ಬೊಬ್ಬರೂ ತಮ್ಮ ತಂಡಕ್ಕೆ ಕಾರ್ಡಿನ ಆಟಗಾರರನ್ನು ಆರಿಸುವ ದಿನ. ಇವರ ಕುರ್ಚಿಯಲ್ಲಿ ನಾನು ಕೂರಬೇಕಂತೆ. ಇವರ ಜೊತೆ ಆಡುವ ಲೆಸ್ಟರ್ ಫೋನ್ ಮಾಡಿದ್ದ. "ಸುಮ್ನೆ ಬನ್ನಿ ಸಿಸ್ಟರ್ ವೆರ್ಡಾ, ಆಟ ಗೊತ್ತಿಲ್ದೆ ಇದ್ರೂ ಪರ್ವಾಗಿಲ್ಲ, ನನಗೂ ಗೊತ್ತಿಲ್ಲ" ಎಂದ. ಬಾಯಿ ಜೋರು, ಮನಸ್ಸು ಒಳ್ಳೆಯದು.

ಯಾರನ್ನು ಆರಿಸಬೇಕೆಂದು ಗೊತ್ತಾಗಿದೆ. ಬೆಳಿಗ್ಗೆಯೂ ಆ ಕಾರ್ಡನ್ನೇ ತಟ್ಟುತ್ತಿದ್ದರು, ನನ್ನ ಏಪ್ರನ್ನು ಹಿಡಿದು ಎಳೆದರು. "ಗೊತ್ತಾಯ್ತು ರೀ, ಮೊದಲು ನೀವೇ" ಎಂದೆ. ಜೋರಾಗಿ ತಲೆ ಅಲ್ಲಾಡಿಸಿದರು, ಆ ಕಡೆ ಈ ಕಡೆ. ನಾಚಿಕೆಯ ಮನುಷ್ಯ ಮೊದಲಿಂದಲೂ.

ಆದರೆ ಆ ಒಂದು ಕಥೆ ಹೇಳುವಾಗ ನಾಚಿಕೆ ಇರಲಿಲ್ಲ. ಸಭೆಯ ಪಿಕ್‌ನಿಕ್ಕಿನಲ್ಲಿ ಪ್ರತಿ ವರ್ಷ. ಆಲಿಕಲ್ಲು ಬೀಳುವ ಚಳಿ, ಬೆರಳು ಮರಗಟ್ಟಿದೆ, ಎದುರಿಗೆ ಎಡಗೈಯಲ್ಲಿ ಚೆಂಡೆಸೆಯುವ ದೊಡ್ಡ ಪಿಚರ್, ಚೆಂಡು ಹೊಗೆಸೊಪ್ಪಿನ ಜಾಹೀರಾತು ಬೋರ್ಡಿನ ಮೇಲೆ ಹಾದು ಬೇಲಿ ದಾಟಿ ರೈಲು ಹಳಿಗೆ ಬಿತ್ತು. ಹೋಮ್ ರನ್. ನಮ್ಮಪ್ಪನ ಎದುರು ಹೆಣ್ಣು ಕೇಳಲು ಬಂದು ಕೂತಾಗ ಹೇಳಿದ್ದೂ ಅದನ್ನೇ. ಅಪ್ಪ ಆಮೇಲೆ ಅಡುಗೆಮನೆಗೆ ಬಂದು, "ಅವನು ಸುಳ್ಳಾಡೋ ಹುಡುಗ ಅಲ್ಲ, ಕೊಡೋಣ" ಎಂದರು.

ಜನವರಿ ೮. ಗುರುವಾರ. ಮನೆಗೆ ಬಂದ ಕೂಡಲೇ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮಲ್ಲಿ ಒಂದು ಕ್ರಮ. ಆರಿಸಿದವರು ಎದ್ದು ನಿಂತು ಕಾರ್ಡನ್ನು ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಬೇಕು, ವಾಕ್ಯ ಓದಿದ ಹಾಗೆ. ಪಾಸ್ಟರ್ ಎಪ್ ಮಾಡಿದ ನಿಯಮ. ಮುಚ್ಚುಮರೆ ಇರಬಾರದೆಂದು. ಇನ್ನೊಂದು ನಿಯಮ—ಮೊದಲು ಆರಿಸಿದ ಆಟಗಾರನನ್ನು ಸೀಸನ್ ಮುಗಿಯುವವರೆಗೆ ಪ್ರತಿ ಆಟದಲ್ಲೂ ಆಡಿಸಬೇಕು.

ಬಿಲ್ಲೆ ಎತ್ತಿದೆವು. ಮೊದಲ ಸರದಿ ನನ್ನದೇ ಬಂತು. ಎದ್ದೆ. "ಅರ್ಲೋ ರೆಗಿಯರ್" ಎಂದೆ.

ಎಲ್ಲರೂ ಚಪ್ಪಾಳೆ. ಇವರು ಗಾಲಿಕುರ್ಚಿಯಲ್ಲಿ ಗೊರಗೊರ ಎನ್ನುತ್ತ ಎಡಗೈ ಬೀಸಿದರು.

"ನೋಡ್ರೋ, ಒಂದೇ ಕೈಲಿ ಚಪ್ಪಾಳೆ ಹೊಡೀತವ್ನೆ!" ಎಂದ ಲೆಸ್ಟರ್.

ಕನ್ನಡಕ ಹಾಕಿ ಓದತೊಡಗಿದೆ. ಹನ್ನೊಂದು, ಒಂದು ಬೇಸಿನ ಹೊಡೆತ. ಹನ್ನೆರಡು, ಔಟ್. ಹದಿಮೂರು, ಔಟ್. ಹದಿನಾಲ್ಕು, ಬ್ಯಾಟಿಗೆ ತಾಗದೆ ಔಟ್... ಔಟ್, ಔಟ್, ಔಟ್. ಅರವತ್ತಾರು ಎಲ್ಲಕ್ಕಿಂತ ಒಳ್ಳೆಯ ಬಿಲ್ಲೆ. ಬಹಳ ಜನರ ಕಾರ್ಡಿನಲ್ಲಿ ಅದಕ್ಕೆ ಹೋಮ್ ರನ್. ಇವರದ್ದರಲ್ಲಿ ಬರೀ ಒಂದು ಬೇಸಿಗೆ ಓಡುವ ಸಣ್ಣ ಹೊಡೆತ. ಕೊನೆಯ ಸಾಲು, ವರ್ಷದ ಮೊತ್ತ. "ಹೋಮ್ ರನ್... ಸೊನ್ನೆ."

ನಾನು ಕಾರ್ಡು ಮಗುಚಿ ನೋಡಿದೆ. ಹಿಂದೆ ಏನೂ ಇಲ್ಲ.

ಡೆಲ್ಬರ್ಟ್ ಪೆನ್ನರ್ ಗೋಡೆಗೆ ಒರಗಿ ಕಾಫಿ ಕುಡಿಯುತ್ತಿದ್ದ. ಧಾನ್ಯದ ಗೋದಾಮು ನಡೆಸುವವನು, ಈ ಆಟದ ಕೂಟಕ್ಕೂ ಅವನೇ ಯಜಮಾನ. "ಸಿಸ್ಟರ್, ಕೊನೇ ಸಾಲು ಇನ್ನೊಂದ್ಸಲ ಓದ್ತೀರಾ? ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ."

ನಿಯಮ ನಿಯಮವೇ. ಇನ್ನೊಂದು ಸಲ ಓದಿದೆ.

ಯಾರೋ ಕಿಸಕ್ಕೆಂದರು. ಇವರನ್ನು ನೋಡಿದೆ. ಎಡಗೈಯಿಂದ ಮುಖ ಮುಚ್ಚಿಕೊಂಡಿದ್ದರು.

ಜನವರಿ ೯. ಶುಕ್ರವಾರ.

ಡಬ್ಬದ ಕೆಳಗೆ ತಳ್ಳಿದ್ದು ಈಗ ಅರ್ಥವಾಯಿತು. ಆರಿಸು ಎಂದಲ್ಲ. ಅಡಗಿಸು ಎಂದು.

ಕೇಳಿದೆ. "ಹೊಡೆದಿದ್ರಾ, ಇಲ್ವಾ?" ಹೌದೆಂದು ತಲೆ. "ಕಾರ್ಡಲ್ಲಿ ಯಾಕಿಲ್ಲ ಮತ್ತೆ?" ಗೊರಗೊರ. ಕೈ ಎಲ್ಲೆಲ್ಲೋ ತೋರಿಸಿತು—ಕಿಟಕಿ, ಹಿಮ, ಗೋಡೆಯ ಕ್ಯಾಲೆಂಡರು. ಮಾತು ತಪ್ಪಿಸುವ ಉಪಾಯ. ಬೇಸ್‌ಬಾಲ್ ಬೇಸಿಗೆಯ ಆಟ. ಬೇಸಿಗೆಯಲ್ಲಿ ಆಲಿಕಲ್ಲಿನ ಚಳಿಯಂತೆ, ಬೆರಳು ಮರಗಟ್ಟಿತಂತೆ! ಇಷ್ಟು ವರ್ಷ ನನಗೆ ಇದೂ ಹೊಳೆಯಲಿಲ್ಲವಲ್ಲ.

ಸುಳ್ಳಿನ ಮೇಲೆ ಹೆಣ್ಣು ಕೇಳಿದ್ದು. ಅಪ್ಪ ಸತ್ತರು, ನಂಬಿಕೊಂಡೇ ಸತ್ತರು.

ಜನವರಿ ೧೫. ಗುರುವಾರ.

ಇವರು ಬರಲು ಒಪ್ಪಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬೆರಳು ಒಂದೊಂದಾಗಿ ಬಿಡಿಸಿ ಕರೆದುಕೊಂಡು ಹೋದೆ. ಸತ್ಯಕ್ಕೆ ಹೆದರಿ ಮನೆಯಲ್ಲಿ ಕೂರುವುದು ಸರಿಯಲ್ಲ.

ಆಡಿಸಿದೆ. ಇವರ ಕಾರ್ಡಿನ ಸರದಿ ನಾಲ್ಕು ಸಲ ಬಂತು, ನಾಲ್ಕು ಸಲವೂ ಔಟು. ಪ್ರತಿ ಸಲ ಡೆಲ್ಬರ್ಟ್ ಇವರ ಕಿವಿಯ ಹತ್ತಿರ ಬಗ್ಗಿ, "ಅರ್ಲೋ, ಔಟ್ ಕಣಪ್ಪಾ. ಹೋಗಿ ಕೂತ್ಕೋ... ಓ, ಕೂತೇ ಇದ್ಯಲ್ಲ!"

ನಗು. ನಾನು ನಗಲಿಲ್ಲ. ತಡೆಯಲೂ ಇಲ್ಲ.

ಫೆಬ್ರವರಿ ೫. ಗುರುವಾರ.

ಇವತ್ತು ಇವರ ಸರದಿಗೆ ಅರವತ್ತಾರು ಬಂತು. ಎಲ್ಲರೂ ಎದ್ದು ನಿಂತರು, ಅಭ್ಯಾಸಬಲ. ಆಮೇಲೆ ನೆನಪಾಗಿ ಕೂತರು. ಒಂದು ಬೇಸು.

"ಛೆ ಛೆ, ಬೇರೆ ಯಾರೇ ಆಗಿದ್ರೂ ಹೊಗೆಸೊಪ್ಪಿನ ಬೋರ್ಡ್ ದಾಟ್ತಿತ್ತು" ಎಂದ ಡೆಲ್ಬರ್ಟ್.

ಲೆಸ್ಟರ್ ಕೂಡ ತಲೆ ತಗ್ಗಿಸಿದ. "ಸಾಕು ಬಿಡೋ" ಎಂದ.

ಮುಗಿದ ಮೇಲೆ ಪಾಸ್ಟರ್ ಎಪ್ ಹತ್ತಿರ ನಿಂತು ಮಾತಾಡಿದೆ. ಸಭೆಯ ಎದುರು ವರ್ಷವರ್ಷವೂ ಹೇಳಿದ ಸುಳ್ಳು. ಸಭೆಯ ಎದುರೇ ಒಪ್ಪಬೇಕಲ್ಲವೇ? ಆ ವಯಸ್ಸಾದ ಮನುಷ್ಯ ಟೋಪಿ ತಿರುಗಿಸುತ್ತ ನಿಂತರು.

"ಬೇಸ್‌ಬಾಲ್ ತಾನೇ ವೆರ್ಡಾ. ಕಾಯಿಲೆ ಬೇರೆ..."

"ಕಾಯಿಲೆ ಇದೆ ಅಂತಾನೇ ಹೇಳ್ತಿರೋದು. ಒಪ್ಕೊಳ್ದೆ ಹಾಗೇ ಹೋಗ್ಬಿಟ್ರೆ? ಅಲ್ಲಿ ಯಾರು ಉತ್ತರ ಕೊಡ್ತಾರೆ, ನೀವಾ?"

ಅರ್ಲೋ ತಾನಾಗಿ ತಲೆಯಾಡಿಸಿ ಒಪ್ಪಿದರೆ ಸಾಕು, ಭಾನುವಾರ ಸಭೆಗೆ ತಿಳಿಸುತ್ತೇನೆ ಎಂದರು.

ಫೆಬ್ರವರಿ ೬.

ಕೇಳಿದೆ. ಇಲ್ಲ.

ಫೆಬ್ರವರಿ ೯.

ಕೇಳಿದೆ. ಇಲ್ಲ. ಮತ್ತೆ ಕ್ಯಾಲೆಂಡರು ತೋರಿಸುತ್ತಾರೆ. ಅದನ್ನು ತೆಗೆದು ಹಜಾರದಲ್ಲಿ ತೂಗುಹಾಕಿದೆ.

ಫೆಬ್ರವರಿ ೧೧. ಬುಧವಾರ.

ಕೋಸಿನ ಸೂಪು ಮಾಡಿದ್ದೆ, ಸಬ್ಬಸಿಗೆ ಹಾಕಿ, ಇವರಿಗೆ ಇಷ್ಟವಾದದ್ದು. ಚಮಚ ತುಂಬಿ ಎತ್ತಿ ಹಿಡಿದೆ. "ಸುಳ್ಳು ಹೇಳ್ದೆ ಅಂತ ಒಪ್ಕೊಳ್ಳಿ. ಆಮೇಲೆ ಊಟ." ಬಾಯಿ ತೆರೆದರು, ತಲೆಯಾಡಿಸಲಿಲ್ಲ. ಚಮಚ ಬಟ್ಟಲಿಗೆ ಹಾಕಿದೆ. ಮತ್ತೆ ಎತ್ತಿದೆ. ಬಾಯಿ ತೆರೆದರು. ಇಲ್ಲ.

ಸೂಪು ಆರಿತು. ಎತ್ತಿಟ್ಟೆ. ದ್ವೇಷಕ್ಕಲ್ಲ. ಉಪವಾಸ ಮಾಡಿದವರಿಗೆ ಕರ್ತನು ಮನಸ್ಸು ತೆರೆಯುತ್ತಾನೆ. ನಾನೂ ಮಾಡಿದೆ, ಜೊತೆಗೆ.

ಫೆಬ್ರವರಿ ೧೨. ಗುರುವಾರ.

ನೀರು ಕೊಟ್ಟೆ. ನೀರಿಗೆ ಏನೂ ಕೇಳಲಿಲ್ಲ. ಆಟಕ್ಕೆ ಹೋಗಲಿಲ್ಲ, ಇವರು ಕುರ್ಚಿಯಲ್ಲಿ ವಾಲುತ್ತಿದ್ದರು.

ಫೆಬ್ರವರಿ ೧೩. ಶುಕ್ರವಾರ.

ಒಪ್ಪಿದರು!

ಸಂಜೆ. ಸೂಪು ಬಿಸಿ ಮಾಡಿದ ವಾಸನೆಗೇ ಬಾಯಿ ತೆರೆದುಕೊಂಡಿತು. ಚಮಚ ಎತ್ತಿದೆ, ಕೇಳಿದೆ. ನನ್ನನ್ನೇ ನೋಡಿದರು, ಬಹಳ ಹೊತ್ತು. ಆಮೇಲೆ ತಲೆ ಮೇಲೆ ಕೆಳಗೆ ಆಡಿತು. ಒಂದೇ ಸಲ. ಇನ್ನೊಂದು ಸಲ ಎಂದೆ. ಇನ್ನೊಂದು ಸಲ. ಬಟ್ಟಲು ಪೂರ್ತಿ ಖಾಲಿ ಮಾಡಿದರು. ನಾನು ಅತ್ತೆ. ಮಂಡಿಯೂರಿ ಪ್ರಾರ್ಥನೆ ಮಾಡಿದೆ.

ಫೆಬ್ರವರಿ ೧೫. ಭಾನುವಾರ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಇವರ ಕುರ್ಚಿಯನ್ನು ಮುಂದಕ್ಕೆ ತಳ್ಳಿದರು. ಸಣ್ಣ ದನಿಯಲ್ಲಿ ಕೇಳಿದರು. ಇವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಹೆಂಗಸರೆಲ್ಲ ಅತ್ತರು. ಡೆಲ್ಬರ್ಟ್ ಬಂದು ಇವರ ಭುಜ ತಟ್ಟಿ, "ದೊಡ್ಡ ಮನಸ್ಸು ಅರ್ಲೋ, ದೊಡ್ಡ ಮನಸ್ಸು" ಎಂದ. ಕ್ಷಮಿಸುವ ಗುಣ ಅವನಲ್ಲೂ ಇದೆ.

ಎದೆಯ ಮೇಲಿನ ಕಲ್ಲು ಇಳಿದ ಹಾಗಿದೆ. ಪ್ಲಮ್ ಹಣ್ಣಿನ ಕೇಕು ಮಾಡಿದೆ. ಎರಡು ತುಂಡು ತಿಂದರು.

ಫೆಬ್ರವರಿ ೨೬. ಗುರುವಾರ.

ಆಟ ಬೇಗ ಮುಗಿಯಿತು. ನಾನು ಕಪ್ಪು ತೊಳೆಯುತ್ತಿದ್ದೆ, ಡೆಲ್ಬರ್ಟ್ ಒರೆಸುತ್ತಿದ್ದ. ಇವರು ಮೇಲೆ ಲೆಸ್ಟರನ ಜೊತೆ. ಡೆಲ್ಬರ್ಟ್ ಖುಷಿಯಲ್ಲಿದ್ದ, ಗೆದ್ದಿದ್ದ.

"ಅದೇನೇ ಹೇಳಿ ಸಿಸ್ಟರ್, ಎಂಥಾ ಹೊಡೆತ ಅದು. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ."

"ಯಾವ್ದು?"

"ಅರ್ಲೋಂದು. ನಾನು ಗೂಡ್ಸ್ ರೈಲಿನ ಡಬ್ಬಿ ಮೇಲೆ ಕೂತಿದ್ದೆ, ಶಾಲೆ ತಪ್ಪಿಸಿ. ಚೆಂಡು ನನ್ನ ಕಾಲ ಬುಡಕ್ಕೇ ಬಂತು."

ಕೈಯಲ್ಲಿದ್ದ ಕಪ್ಪು ತೊಟ್ಟಿಯಲ್ಲಿ ಮುಳುಗಿತು.

"ನಲವತ್ತೊಂಬತ್ತರ ಏಪ್ರಿಲ್ ಮೊದಲ ವಾರ" ಎಂದ. "ದಕ್ಷಿಣದಲ್ಲಿ ತಾಲೀಮು ಮುಗಿಸ್ಕೊಂಡು ರೈಲಲ್ಲಿ ವಾಪಸ್ ಹೋಗೋವಾಗ ದೊಡ್ಡ ತಂಡಗಳು ದಾರೀಲಿ ಅಲ್ಲಲ್ಲಿ ಇಳಿದು ಆಡ್ತಿದ್ವು. ಸೀಸನ್ ಇನ್ನೂ ಶುರುವಾಗಿಲ್ಲ ನೋಡಿ. ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ದೇ ಇರೋದು ಕಾರ್ಡಲ್ಲಿ ಎಲ್ಲಿ ಬರ್ಬೇಕು? ಅಬ್ಬಾ, ಏನ್ ಚಳಿ ಅವತ್ತು! ಆಲಿಕಲ್ಲು."

ಕಿಟಕಿ. ಹಿಮ. ಕ್ಯಾಲೆಂಡರು.

"ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ವಲ್ಲ ಸಿಸ್ಟರ್." ಕಪ್ಪನ್ನು ಬೆಳಕಿಗೆ ಹಿಡಿದು ನೋಡಿ ಕಪಾಟಿನಲ್ಲಿಟ್ಟ. "ಎಷ್ಟು ಚೆನ್ನಾಗಿ ಓದ್ತಾ ಇದ್ರಿ. ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ."

"ಸಭೆ ಎದುರು ತಲೆಯಾಡಿಸ್ದಾಗ್ಲೂ?"

"ಅದು ನೀವು ಆಡಿಸಿದ್ದು." ಟವೆಲು ಮಡಿಸಿದ. "ಅವನು ನಡೆಸ್ತಿದ್ದ ಊರ ತಂಡಕ್ಕೆ ಸೇರಿಸ್ಕೋ ಅಂತ ಆ ಚೆಂಡು ಹಿಡ್ಕೊಂಡೇ ಹೋಗಿದ್ದೆ ಅರ್ಲೋ ಹತ್ರ, ಹದಿನೆಂಟನೇ ವಯಸ್ಸಲ್ಲಿ. ಎಲ್ಲರ ಎದುರಿಗೆ ಏನಂದ ಗೊತ್ತಾ? 'ಪೆನ್ನರ್, ನಿನಗೆ ಹಿಡಿಯೋಕೆ ಬರೋದು ಉರುಳಿ ಬಂದ ಚೆಂಡು ಮಾತ್ರ.' ಅಂತ. ಬರ್ತೀನಿ ಸಿಸ್ಟರ್. ಹುಷಾರು, ಮೆಟ್ಲು ಜಾರುತ್ತೆ."

ಇವರನ್ನು ಕಾರಿಗೆ ಹತ್ತಿಸಿ ಕಂಬಳಿ ಹೊದಿಸಿದೆ. ದಾರಿಯಲ್ಲಿ ಕಾರಿನ ಹೀಟರು ಸದ್ದು ಮಾಡುತ್ತಿತ್ತು.

ಫೆಬ್ರವರಿ ೨೭. ಶುಕ್ರವಾರ. ಮಧ್ಯಾಹ್ನ.

ಬೆಳಿಗ್ಗೆ ಕ್ಯಾಲೆಂಡರು ತಂದು ಅದರ ಜಾಗದಲ್ಲಿ ಹಾಕಿದೆ. ಏಪ್ರಿಲ್ ಹಾಳೆ ತೆರೆದು ಹಾಕಿದೆ. ಇವರು ನೋಡಲಿಲ್ಲ.

ಕೋಸಿನ ಸೂಪು ಮಾಡಿದೆ. ತಿನ್ನಿಸುತ್ತ ಹೇಳೋಣ ಎಂದುಕೊಂಡು ಕೂತೆ. ಚಮಚ ಎತ್ತಿದೆ ಅಷ್ಟೇ, ನಾನು ಬಾಯಿ ತೆರೆಯುವ ಮೊದಲೇ ತಲೆಯಾಡಿಸಿದರು.

"ಬೇಡ ರೀ. ಇನ್ನು ಬೇಡ" ಎಂದೆ. ಆಡಿಸಿದರು.

"ನೀವು ಹೊಡೆದಿದ್ದು ನಿಜ. ಡೆಲ್ಬರ್ಟ್ ನೋಡಿದ್ನಂತೆ. ಏಪ್ರಿಲಲ್ಲಿ." ಆಡಿಸಿದರು. ಕಣ್ಣು ನನ್ನ ಮೇಲಿಲ್ಲ, ಚಮಚದ ಮೇಲೆ.

"ತಪ್ಪು ನಂದು. ಕೇಳಿಸ್ತಾ?" ಅದಕ್ಕೂ.

"ಸುಳ್ಳು ಹೇಳಿದ್ರಾ ನೀವು?" ಕೇಳಿದೆ, ನೋಡೋಣ ಎಂದು. ಇಲ್ಲ ಎಂದಾರು ಎಂದು. ಅದಕ್ಕೂ ಆಡಿಸಿದರು.

ಚಮಚ ಕೆಳಗಿಟ್ಟೆ. ಇಟ್ಟದ್ದು ನೋಡಿ ಇನ್ನೂ ಜೋರಾಗಿ. ನಿಲ್ಲಿಸುತ್ತಿಲ್ಲ. ಕೆನ್ನೆ ಎರಡೂ ಕೈಯಲ್ಲಿ ಹಿಡಿದೆ, ಕೈಯೊಳಗೇ ಆಡುತ್ತಿದೆ. ಅದಕ್ಕೇ ಈ ಕಡೆ ಬಂದು ಬರೆಯುತ್ತ ಕೂತಿದ್ದೇನೆ. ಕುರ್ಚಿಯ ಕೀಲು ಕಿರ್ ಕಿರ್ ಎನ್ನುವುದು ಇಲ್ಲಿಗೆ ಕೇಳಿಸುತ್ತದೆ. ಸೂಪು ಆರಿರಬೇಕು. ಬಿಸಿ ಮಾಡಿ, ಈ ಸಲ ಚಮಚ ಬೇಡ, ಕಪ್ಪಿನಲ್ಲಿ ಕುಡಿಸುತ್ತೇನೆ.