ಅವ್ವನನ್ನು ಕರೆತರುವುದಿಲ್ಲ

ಕಲಬುರಗಿ

ಅಪ್ಪಾಜಿಗೆ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಇದನ್ನು ಬರೆದು ತಮ್ಮ ವಿಶ್ವಾಸನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವ್ವನನ್ನು ಆಸ್ಪತ್ರೆಯಿಂದ ಕಮಲಾಪುರದ ಮನೆಗೆ ಒಯ್ಯಲು ನೀವು ಕಳಿಸಿದ ಗಾಡಿಯನ್ನು ನಾನೇ ವಾಪಸ್ ಕಳಿಸಿದೆ.

ಸೋಂಕಿನಿಂದ ಅವ್ವನ ಕಿಡ್ನಿ ನಿಂತು, ಮೊದಲ ಡಯಾಲಿಸಿಸ್‌ನಲ್ಲೇ ಬಿಪಿ ಕುಸಿದಾಗ ನೀವು ಹೆದರಿದಿರಿ. ನಾನೂ ಹೆದರಿದೆ. ನೀವು "ಸಾಕು, ಅಕಿಗಿ ಮನಿಗಿ ಒಯ್ಯಮು" ಎಂದು ಹೊರಟುಹೋದಿರಿ. ನಾನು ಡಾಕ್ಟರ್ ಎದುರು ನಿಂತು, "ಬಿಪಿ ಬೀಳದಂಗ ಮಾಡ್ಲಿಕ್ಕಿ ದಾರಿನೇ ಇಲ್ಲೇನ್ರಿ?" ಎಂದು ಕೇಳಿದೆ.

"ಅದ ರೀ. ಮಷೀನಿನ ನೀರು ತಣ್ಣಗ ಇಡ್ತೀವಿ, ಮೈಯಾಗಿನ ನೀರು ನಿಧಾನಕ್ಕ ತೆಗಿತೀವಿ. ಖಾತ್ರಿ ಮಾತ್ರ ಕೊಡಂಗಿಲ್ಲ" ಎಂದರು. ನಾನು ಒಪ್ಪಿ ಸಹಿ ಹಾಕಿದೆ. ನಿಮ್ಮನ್ನು ಕೇಳಲಿಲ್ಲ, ಇನ್ನು ಮುಂದೆಯೂ ಕೇಳುವುದಿಲ್ಲ.

ಇವತ್ತು ಐಸಿಯುದಲ್ಲಿ ಮಧ್ಯಾಹ್ನವಿಡೀ ಡಯಾಲಿಸಿಸ್ ನಡೆಯಿತು. ಬಿಪಿ ಬೀಳಲಿಲ್ಲ. ಕೊನೆಗೆ ಅವ್ವ ಕಣ್ಣು ತೆರೆದು, "ಥಂಡಿ ಹತ್ಯಾದ, ನನ್ನ ಕೌದಿ ಎಲ್ಲದ?" ಎಂದಳು.

ನಾಳೆ ಮತ್ತೆ ಡಯಾಲಿಸಿಸ್ ಇದೆ. ಕೌದಿ ಹೊದಿಸಲು ನರ್ಸ್ ಒಪ್ಪಿದ್ದಾರೆ, ಒಗೆದು ತನ್ನಿ. ಇನ್ನೂ ಮನೆಗೆ ಒಯ್ಯುವ ಮಾತೇ ಆಡುವುದಿದ್ದರೆ ಕೌದಿಯನ್ನು ವಿಶ್ವಾಸನ ಕೈಯಲ್ಲಿ ಕಳಿಸಿ, ನೀವು ಬರಬೇಡಿ.

ನಿಮ್ಮ ಮಗಳು,
ರಮಾಬಾಯಿ