ಹದಿಮೂರು, ಐದು, ಉಳಿದದ್ದೆಷ್ಟು?

ಹುಮನಾಬಾದ
ತಾ. ೪ ಮಾರ್ಚ್ ೧೯೪೧

ಚಿರಂಜೀವಿ ಮಚ್ಚೇಂದ್ರಗೆ ಅಣ್ಣ ದೇವಿಂದ್ರಪ್ಪನ ಆಶೀರ್ವಾದ.

ನನಗ ಈ ಬರೆಯೋ ಕೆಲಸ ಬ್ಯಾಡಂದ್ರೂ ನಿನ್ನ ವೈನಿ ಸಖುಬಾಯಿ ಬಿಡಲಿಲ್ಲ. "ಬರೆದು ಮುಗಿಸೂತನ ರೊಟ್ಟಿ ಬಡಿಯಂಗಿಲ್ಲರಿ" ಅಂತ ಒಲಿ ಮುಂದ ಕೈ ಕಟ್ಟಿ ಕುಂತಾಳ. ಉಳಿ ಹಿಡಿಯೋ ಕೈಗೆ ಟಾಕು ಕೊಟ್ರ ಹ್ಯಾಂಗ? ನಿನ್ನ ದೀಪಾವಳಿ ಪತ್ರಕ್ಕ ಇದು ಉತ್ತರ. ತಡ ಆಗ್ಯಾದ, ಗೊತ್ತದ.

ಎಲ್ಲಾರೂ ಆರಾಮ. ಮಾಣಿಕನಗರದಾಗ ಒಂದು ಮನಿ ಮಾಳಿಗಿ ಕೆಲಸ ಹಿಡಿದೇನಿ. ನಿನ್ನೆ ಒಂದು ತೊಲಿ ಗೇಣು ಗಿಡ್ಡ ಕೊಯ್ದುಬಿಟ್ಟೆ. ತಲಿ ಒಂದು ಕಡೆ ನಿಲ್ಲವಲ್ದು. ಕಾರಣ ನನ್ನ ಮಗಳು ಸೋನು.

ಏಪ್ರಿಲ್ ಎರಡಕ್ಕ ಬೀದರದಾಗ ಆಕಿ ಮಿಡಲ್ ಪರೀಕ್ಷೆಗೆ ಕೂಡಬೇಕು. ಪಾಸಾದ್ರ ಚಿಟಗುಪ್ಪಿ ಸಾಲ್ಯಾಗ ಕಲಿಸೋ ಕೆಲಸ ಸಿಗ್ತದ. ನಪಾಸಾದ್ರ ವೈಶಾಖದಾಗ ಮದುವಿ ಅಂತ ನಾನೇ ಮಾತು ಕೊಟ್ಟೇನಿ.

ಹೋದ ವಾರ ಹುಸೇನ ಮಾಸ್ತರು ತಾಲೀಮಿನ ಪರೀಕ್ಷೆ ಇಟ್ರು. ಮೂರು ಮೂಲಿ ಆಕೃತಿ, ಅವರ ಉರ್ದುದಾಗ ಮುಸಲ್ಲಸ್ ಅಂತಾರ. ಒಂದು ಮೂಲಿ ನೆಟ್ಟಗ, ಉದ್ದ ಬದಿ ಹದಿಮೂರು, ಗಿಡ್ಡ ಬದಿ ಐದು, ಮೂರನೇದು ಎಷ್ಟು? ಸೋನು ನಾ ಕಲಿಸಿದಂಗ ಚಿತ್ರದ ಮ್ಯಾಲೆ ದಾರ ಇಟ್ಟು ಅಳದಾಳ. ಹತ್ತೂವರೆ ಬಂತು, ಬರದಾಳ. ನಾಕೂ ಲೆಕ್ಕ ಹಂಗೇ ಮಾಡಿ ನಾಕೂ ತಪ್ಪು.

ಮೂಲಿ ನೆಟ್ಟಗದನೋ ಇಲ್ಲೋ ನೋಡೋ ಗುಣ್ಯಾ ತಗೊಂಡು ಸಾಲಿಗೆ ಹೋದೆ. ಚಿತ್ರಕ್ಕ ಹಚ್ಚಿ ನೋಡಿದ್ರ ನೆಟ್ಟಗಿರಬೇಕಾದ ಮೂಲಿ ವಾರೆ! "ಮೂಲಿ ಸೊಟ್ಟ ಬರದು ನನ್ನ ಮಗಳಿಗೆ ಸೊನ್ನೆ ಕೊಡ್ತೀರಿ?" ಅಂದೆ. ಮಾಸ್ತರು ನಕ್ಕರು. "ಅರೆ ಮಿಸ್ತ್ರಿ, ಇದು ನಿಮ್ಮ ಬಾಗಿಲ ಚೌಕಟ್ಟಲ್ಲ. ಚಿತ್ರ ನಂಬಬಾರದು, ಅಂಕಿ ನಂಬಬೇಕು. ಹದಿಮೂರನ್ನ ಹದಿಮೂರರಿಂದ ಗುಣಿಸ್ರಿ, ಐದನ್ನ ಐದರಿಂದ ಗುಣಿಸಿ ಅದರಾಗ ಕಳೀರಿ. ಹನ್ನೆರಡು ಹನ್ನೆರಡಲೆ ಎಷ್ಟಾಗ್ತದೋ ಅಷ್ಟೇ ಉಳಿತದ." ಹುಡುಗೂರೆಲ್ಲ ನಕ್ಕರು. ನಾನೂ ಬಾಯಿಗೆ ಬಂದಂಗ ಬೈದೆ. "ಹಂಗಾದ್ರ ನಿಮ್ಮ ಮಗಳಿಗೆ ನೀವೇ ಕಲಿಸ್ರಿ" ಅಂದ್ರು.

ಅವತ್ತಿನಿಂದ ಸೋನು ಸಾಲಿಗೆ ಹೋಗವಲ್ಲಳು. "ಅಪ್ಪಾ, ನೀ ಯಾಕ ಬಂದಿ?" ಅಂತ ಒಂದೇ ಮಾತು ಕೇಳಿ ಮಾರಿ ತಿರುವಿದಳು.

ಮಾಸ್ತರನ ಸುಳ್ಳು ಹಿಡೀಬೇಕಂತ ಅಂಗಳದಾಗ ಗೂಟ ಹೊಡದು ದಾರ ಕಟ್ಟಿದೆ. ಐದು ಮೊಳ, ಹನ್ನೆರಡು ಮೊಳ, ಎದುರು ಹದಿಮೂರು. ಗುಣ್ಯಾ ಹಚ್ಚಿದೆ. ಕೂದಲೆಳಿ ಫರಕಿಲ್ಲ, ಮೂಲಿ ನೆಟ್ಟಗದ. ಸಿಟ್ಟು ಇನ್ನೂ ಏರಿತು. ಮೂವತ್ತು ವರ್ಷ ಮೂಲಿ ಹಿಡಿಯಾಕ ನನಗ ಮೂರು-ನಾಕು-ಐದು ಒಂದೇ ಗೊತ್ತಿತ್ತು. ಇನ್ನೊಂದು ಅದ ಅಂತ ಯಾರೂ ಹೇಳಲಿಲ್ಲ. ಇಂಥಾವು ಇನ್ನೂ ಎಷ್ಟು ಅದಾವೋ! ದಿನಾ ಗೂಟ ಕಿತ್ತು ಬ್ಯಾರೆ ಬ್ಯಾರೆ ಅಳತಿಗೆ ಹೊಡಿಯಾಕತ್ತೇನಿ, ಒಂದೂ ಕೂಡವಲ್ದು.

ನೀ ಮಿಡಲ್ ಪಾಸಾದಾಂವ. ಕಲ್ಯಾಣದಿಂದ ಇಲ್ಲಿಗೆ ಮೋಟಾರು ಅದ. ಹದಿನೈದು ದಿನ ರಜಾ ಹಾಕು. ಕಚೇರಿ ಕೆಲಸ, ಪುರಸತ್ತಿಲ್ಲ ಅಂತ ಹೋದ ಸಲದಂಗ ಬರೀಬ್ಯಾಡ.

ಮೀರಾಬಾಯಿಗೆ, ಮಕ್ಕಳಿಗೆ ಆಶೀರ್ವಾದ. ಎಲ್ಲಾರೂ ತಣ್ಣಗಿರ್ರಿ.

ನಿನ್ನ ಅಣ್ಣ,
ದೇವಿಂದ್ರಪ್ಪ

ತಾ.ಕ.: ಅಪ್ಪ ಸತ್ತ ವರ್ಷ ಮನಿ ಹಿರ್ಯಾರು ನನಗ ಮೂರನೇ ಇಯತ್ತೆಗೆ ಸಾಲಿ ಬಿಡಿಸಿ ಕೈಯಾಗ ಉಳಿ ಕೊಟ್ರು, ನಿನ್ನ ಸಾಲ್ಯಾಗ ಉಳಿಸಿದ್ರು. ಅದಕ್ಕ ನನಗ ಸಿಟ್ಟಿಲ್ಲ. "ಅಣ್ಣಾ, ಅಲ್ಲಿ ಕಲಿಸಿದ್ದು ದಿನಾ ಸಂಜಿಗೆ ನಿನಗ ಹೇಳಿಕೊಡ್ತೀನಿ" ಅಂದಿದ್ದಿ. ಒಂಬತ್ತು ದಿನ ಹೇಳಿಕೊಟ್ಟಿ. ಹತ್ತನೇ ದಿನ ಪಾಟಿ ತೊಳಕೊಂಡು ಕಟ್ಟಿ ಮ್ಯಾಲೆ ಕುಂತಿದ್ದೆ. ನೀ ನನ್ನ ಮುಂದೇ ಗೋಲಿ ಆಡಾಕ ಓಡಿದಿ. ನಾ ಎಂದೂ ಕೇಳಲಿಲ್ಲ. ಈಗ ಕೇಳ್ತೇನಿ. ಬಂದು ಸೋನುಗ ಹೇಳಿಕೊಡು, ಆಕಿ ಬಾಜೂಕ ನಾನೂ ಕೂಡ್ತೇನಿ. ಬರ್ತಿಯೋ ಇಲ್ಲೋ, ಮಾರ್ಚ್ ಹನ್ನೆರಡರೊಳಗ ನಿನ್ನ ಉತ್ತರ ಬರಬೇಕು.