ನೀನು ಕೊಡಿಸಿದ ಕೈಗವಸು

ತಂಗಿ ವರ್ಲೀನ್,

ನೀನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಆದರೂ ಈ ಭಾನುವಾರ ನಮ್ಮ ಚರ್ಚಿನಲ್ಲಿ ನಡೆದದ್ದನ್ನು ನಿನಗೇ ಹೇಳಬೇಕೆನಿಸಿತು.

ಐಡೆಲ್ಲಾ ಎಂಬ ಹುಡುಗಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಸ್ತೋತ್ರಗೀತೆ ಶುರುಮಾಡಿದಳು. ನೀನು ರಾಕ್ ಅಂಡ್ ರೋಲ್ ಹಾಡುತ್ತಾ ಗಿಟಾರಿನ ತಂತಿಯನ್ನು ಅಳಿಸಿ ನಗಿಸುತ್ತಿದ್ದೆಯಲ್ಲ, ಆಮೇಲೆ ದೇಶದ ಹುಡುಗರೆಲ್ಲ ಕದ್ದರಲ್ಲ, ಅದೇ ವರಸೆ. ಮುದುಕಿಯರೂ ಎದ್ದು ಕುಣಿದರು. ಪಕ್ಕದಲ್ಲಿದ್ದ ಹ್ಯಾಟಿ, "ಇದು ನಮ್ಮ ಚರ್ಚಿನ ಹಳೇ ಪದ್ಧತಿ ಕಣೇ," ಅಂದಳು.

ಐವತ್ತಾರನೇ ಇಸವಿಯಲ್ಲಿ ಇದೇ ಹ್ಯಾಟಿ ಎದ್ದು ನಿಂತು, "ಸೈತಾನನ ಹಾಡು ಹಾಡೋಳ ಹೆಸರು ನಮ್ಮ ಚರ್ಚಿನ ಸದಸ್ಯರ ಪಟ್ಟೀಲಿ ಯಾಕಿರಬೇಕು?" ಅಂದಿದ್ದಳು. ನಿನ್ನ ಹೆಸರು ಹೊಡೆದುಹಾಕಲು ಒಪ್ಪುವವರು ಕೈ ಎತ್ತಬೇಕೆಂದು ಪಾಸ್ಟರು ಹೇಳಿದಾಗ ನೀನು ಹಿಂದಿನ ಬೆಂಚಿನಿಂದ ನನ್ನನ್ನೇ ನೋಡುತ್ತಿದ್ದೆ. ನನ್ನ ಕೈಯೂ ಎದ್ದಿತು. ನಿನ್ನ ಮೊದಲ ರೆಕಾರ್ಡ್ ಬಂದಾಗ ನೀನು ಕೊಡಿಸಿದ ಬಿಳಿ ಕೈಗವಸು ಅಷ್ಟು ದೂರಕ್ಕೂ ಕಂಡಿರಬೇಕು. ಭಾನುವಾರಕ್ಕೆ ಈಗಲೂ ಅದನ್ನೇ ಹಾಕಿಕೊಳ್ಳುತ್ತೇನೆ.

ಹಾಡು ಮುಗಿದ ಮೇಲೆ ಹೊಸ ಪಾಸ್ಟರು ನಗುತ್ತಾ, "ಹೀಗೆ ಮೊದಲು ನುಡಿಸಿದ್ದು ಯಾರು ಅಂತ ಗೊತ್ತಿರೋರು ಕೈ ಎತ್ತಿ, ನೋಡೋಣ," ಅಂದರು.

ಹ್ಯಾಟಿ ನನ್ನ ಮುಖ ನೋಡಿದಳು. ನಾನು ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಾ ಕೂತಿದ್ದೆ.